ಮನೆಯಂಗಳದಲ್ಲಿ ಸಬ್ಬಸಿಗೆ: ಬೆಳೆಯುವ ಬಗೆ, ಬಳಸುವ ಬಗೆ



ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಊಟಕ್ಕೆ ಏನು ಕೊಡಬೇಕು?" ಔಷಧಿ ಚೀಟಿಯಲ್ಲಿ ಮಾತ್ರೆಯ ಹೆಸರು, ಹೊತ್ತು, ಎಷ್ಟು ದಿನ ಎಂಬುದೆಲ್ಲ ಬರೆದಿರುತ್ತದೆ. ಊಟದ ವಿಷಯಕ್ಕೆ ಬಂದಾಗ "ಉಪ್ಪು ಕಡಿಮೆ ಮಾಡಿ, ಸೊಪ್ಪು ತರಕಾರಿ ಹೆಚ್ಚು ತಿನ್ನಿ" ಎಂಬ ಒಂದೇ ಮಾತು. ಮನೆಗೆ ಹೋದ ಮೇಲೆ ಯಾವ ಸೊಪ್ಪು, ಎಷ್ಟು, ಹೇಗೆ ಎಂಬ ಗೊಂದಲ ಶುರುವಾಗುತ್ತದೆ. ಅಕ್ಕಪಕ್ಕದವರು, ನೆಂಟರಿಷ್ಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಆದ್ದರಿಂದ ಈ ಲೇಖನದಲ್ಲಿ ನಿಮಗೆಲ್ಲ ಗೊತ್ತಿರುವ ಒಂದೇ ಒಂದು ಸೊಪ್ಪನ್ನು ತೆಗೆದುಕೊಂಡು ವಿವರವಾಗಿ ತಿಳಿಸುತ್ತೇವೆ. ಅದು ಸಬ್ಬಸಿಗೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸಬ್ಬಸಗಿ ಎನ್ನುವರು. ಹಿತ್ತಿಲು ಇಲ್ಲದವರೂ ಒಂದು ಹಳೆಯ ಬಕೆಟ್ಟಿನಲ್ಲಿ ಇದನ್ನು ಬೆಳೆಯಬಹುದು. ಇದು ಒಳ್ಳೆಯ ಆಹಾರ. ಆದರೆ ಮಾತ್ರೆಯ ಬದಲಿಗೆ ಬಳಸುವ ಔಷಧವಲ್ಲ. ಈ ಎರಡು ಮಾತುಗಳನ್ನು ಜೊತೆಯಲ್ಲಿಟ್ಟುಕೊಂಡು ಮುಂದೆ ಓದಿರಿ.

ಸಬ್ಬಸಿಗೆಯ ಪರಿಚಯ

ಸಬ್ಬಸಿಗೆಯ ಸಸ್ಯಶಾಸ್ತ್ರೀಯ ಹೆಸರು ಅನೆಥಮ್ ಗ್ರೇವಿಯೊಲೆನ್ಸ್. ಸಂಸ್ಕೃತದಲ್ಲಿ ಶತಪುಷ್ಪಾ, ಮರಾಠಿಯಲ್ಲಿ ಶೇಪು, ಹಿಂದಿಯಲ್ಲಿ ಸೋಯಾ ಅಥವಾ ಸೋವಾ ಎನ್ನುತ್ತಾರೆ. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಗಜ್ಜರಿ ಇವೆಲ್ಲ ಇದರ ಒಡಹುಟ್ಟಿದವು. ಯುರೋಪಿನ ಅಡುಗೆಯಲ್ಲಿ ಬಳಸುವ ಪಾರ್ಸ್ಲಿ, ಚರ್ವಿಲ್ ಎಂಬ ಸೊಪ್ಪುಗಳೂ ಇದೇ ಕುಟುಂಬಕ್ಕೆ ಸೇರಿದವು. ಈ ಕುಟುಂಬದ ಗುರುತು ಹೂವಿನಲ್ಲಿದೆ. ಒಂದೇ ಬಿಂದುವಿನಿಂದ ಹಲವು ಕಡ್ಡಿಗಳು ಹೊರಟು ಬಿಚ್ಚಿದ ಛತ್ರಿಯಂತೆ ಹೂಗೊಂಚಲು ಅರಳುತ್ತದೆ. ಸಬ್ಬಸಿಗೆಯ ಹೂವು ಹಳದಿ, ಕೊತ್ತಂಬರಿಯದು ಬಿಳಿ.

ಎಲೆಗಳು ಕೂದಲಿನಂತೆ ಎಳೆ ಎಳೆಯಾಗಿರುತ್ತವೆ. ಗಾಢವಾದ ಪರಿಮಳಕ್ಕೆ ಕಾರಣ ಎಲೆ ಮತ್ತು ಬೀಜಗಳಲ್ಲಿರುವ ಆವಿಯಾಗುವ ಎಣ್ಣೆಗಳು. ಬೀಜದ ಎಣ್ಣೆಯಲ್ಲಿ ಕಾರ್ವೋನ್ ಎಂಬ ಅಂಶ ಮುಖ್ಯವಾದುದು. ಈ ಎಣ್ಣೆಗಳು ಬಿಸಿಗೆ ಬೇಗ ಹಾರಿಹೋಗುತ್ತವೆ. ಸೊಪ್ಪನ್ನು ಬಹಳ ಹೊತ್ತು ಬೇಯಿಸಿದರೆ ಪರಿಮಳ ಅಡುಗೆಮನೆಯ ತುಂಬ ಹರಡುತ್ತದೆಯೇ ಹೊರತು ತಟ್ಟೆಯಲ್ಲಿ ಉಳಿಯುವುದಿಲ್ಲ.

ಮನೆಯಲ್ಲಿಯೇ ಏಕೆ ಬೆಳೆಯಬೇಕು?

ಸಂತೆಯಲ್ಲಿ ಸಬ್ಬಸಿಗೆ ಅಗ್ಗವಾಗಿಯೇ ಸಿಗುತ್ತದೆ. ಆದರೂ ಮನೆಯಲ್ಲಿ ಬೆಳೆಯುವುದರಿಂದ ಮೂರು ಲಾಭಗಳಿವೆ.

1. ಯಾವ ನೀರು ಹಾಕಿದ್ದೇವೆ, ಏನು ಸಿಂಪಡಿಸಿದ್ದೇವೆ ಎಂಬುದು ನಮಗೇ ಗೊತ್ತಿರುತ್ತದೆ. ಪಟ್ಟಣಗಳ ಅಂಚಿನಲ್ಲಿ ಚರಂಡಿ ನೀರು ಹಾಯಿಸಿ ಸೊಪ್ಪು ಬೆಳೆಯುವುದೂ ಉಂಟು. ಇಂತಹ ಸೊಪ್ಪಿನ ಮೂಲಕ ವಾಂತಿಭೇದಿ, ಟೈಫಾಯಿಡ್, ಜಂತುಹುಳುಗಳ ಬಾಧೆ ತಗಲಬಹುದು. ಕಾಯಿಲೆಯಿಂದ ಈಗಷ್ಟೇ ಎದ್ದವರಿಗೆ ಇದು ದೊಡ್ಡ ಹೊಡೆತ.

2. ಬೇಕಾದಾಗ ಬೇಕಾದಷ್ಟೇ ಚಿವುಟಿಕೊಳ್ಳಬಹುದು. ಕಟ್ಟುಗಟ್ಟಲೆ ತಂದು ಬಾಡಿಸಿ ಎಸೆಯುವ ಪ್ರಸಂಗವಿಲ್ಲ.

3. ದಿನವೂ ಗಿಡಕ್ಕೆ ನೀರು ಹಾಕುವುದು, ಕಳೆ ಕೀಳುವುದು ಚೇತರಿಸಿಕೊಳ್ಳುತ್ತಿರುವವರಿಗೆ ಹಗುರವಾದ ಕೆಲಸ. ಮನಸ್ಸಿಗೂ ಹಿತ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನಲ್ಲಿ ಕೈತೋಟಕ್ಕೆ ಇಳಿಯಬಾರದು. ಪಾದದ ಸ್ಪರ್ಶ ಮಂಕಾಗಿದ್ದರೆ ಮುಳ್ಳು ಚುಚ್ಚಿದರೂ ತಿಳಿಯದೆ ಗಾಯ ದೊಡ್ಡದಾಗುತ್ತದೆ. ಮುಚ್ಚಿದ ಚಪ್ಪಲಿ ಅಥವಾ ಬೂಟು ಧರಿಸಿರಿ, ಕೆಲಸ ಮುಗಿದ ಮೇಲೆ ಪಾದಗಳನ್ನು ತೊಳೆದು, ಒರೆಸಿ, ನೋಡಿಕೊಳ್ಳಿರಿ. ಶಸ್ತ್ರಚಿಕಿತ್ಸೆಯ ಗಾಯ ಇನ್ನೂ ಮಾಯದವರು ಮಣ್ಣು ಮುಟ್ಟುವ ಕೆಲಸವನ್ನು ಮನೆಯವರಿಗೆ ಬಿಡಿರಿ.

ಬೆಳೆಯುವ ವಿಧಾನ

ಕಾಲ: ಸಬ್ಬಸಿಗೆ ತಂಪು ಹವೆಯನ್ನು ಇಷ್ಟಪಡುತ್ತದೆ. ನಮ್ಮ ರಾಜ್ಯದ ಬಯಲುಸೀಮೆಯಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬಹಳ ಚೆನ್ನಾಗಿ ಬರುತ್ತದೆ. ಬೇಸಿಗೆಯಲ್ಲಿಯೂ ಬೆಳೆಯಬಹುದು. ಆದರೆ ಸೆಕೆಗೆ ಗಿಡ ಬೇಗ ಹೂವಿಗೆ ಬಂದು ಎಲೆ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ತಾಗದ ಕಡೆ ಕುಂಡ ಇಡಿರಿ. ಜೋರು ಮಳೆಗೆ ಎಳೆಯ ಗಿಡಗಳು ನೆಲಕ್ಕೆ ಒರಗುತ್ತವೆ, ಆದ್ದರಿಂದ ಮಳೆಗಾಲದಲ್ಲಿ ಚಜ್ಜದ ಕೆಳಗೆ ಇಡುವುದು ಒಳ್ಳೆಯದು.

ಪಾತ್ರೆ: ಸಬ್ಬಸಿಗೆಗೆ ನೇರವಾಗಿ ಕೆಳಗಿಳಿಯುವ ತಾಯಿಬೇರು ಇರುತ್ತದೆ. ಆದ್ದರಿಂದ ಕುಂಡ ಅಗಲವಾಗಿರುವುದರ ಜೊತೆಗೆ ಕನಿಷ್ಠ ಒಂದು ಗೇಣು, ಅಂದರೆ 8ರಿಂದ 10 ಅಂಗುಲ ಆಳವಾಗಿರಬೇಕು. ಹಳೆಯ ಬಕೆಟ್, ಒಡೆದ ಟಬ್, ಗೋಣಿಚೀಲ ಯಾವುದಾದರೂ ಆದೀತು. ತಳದಲ್ಲಿ ನಾಲ್ಕೈದು ರಂಧ್ರ ಮಾಡಿ ಅವುಗಳ ಮೇಲೆ ಹೆಂಚಿನ ಚೂರು ಇಡಿರಿ. ಕ್ರಿಮಿನಾಶಕ, ಬಣ್ಣ ಅಥವಾ ರಾಸಾಯನಿಕ ತುಂಬಿಟ್ಟಿದ್ದ ಡಬ್ಬಗಳನ್ನು ಎಷ್ಟು ತೊಳೆದರೂ ಬಳಸಬೇಡಿರಿ.

ಮಣ್ಣು: ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಇವು ಮೂರನ್ನೂ ಸಮಪಾಲು ಬೆರೆಸಿರಿ. ಎರೆಮಣ್ಣಿನ ಸೀಮೆಯವರು ಮರಳನ್ನು ಸ್ವಲ್ಪ ಹೆಚ್ಚಿಸಿರಿ. ಇಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ಹಸಿ ಸಗಣಿಯನ್ನು ಹಾಕಬಾರದು.

ಬಿತ್ತನೆ: ಬೀಜಗಳು ಚಪ್ಪಟೆಯಾಗಿ ಹಗುರವಾಗಿರುತ್ತವೆ. ಮಣ್ಣನ್ನು ಮೊದಲೇ ನೆನೆಸಿ, ಬೀಜವನ್ನು ತೆಳುವಾಗಿ ಚೆಲ್ಲಿ, ಮೇಲೆ ಅರ್ಧ ಬೆರಳು ದಪ್ಪಕ್ಕಿಂತ ಹೆಚ್ಚಾಗದಂತೆ ಮಣ್ಣು ಉದುರಿಸಿರಿ. ಕೈಯಿಂದ ಚಿಮುಕಿಸಿ ನೀರು ಕೊಡಿರಿ. ಚೊಂಬಿನಿಂದ ಸುರಿದರೆ ಬೀಜಗಳೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತವೆ. 7ರಿಂದ 14 ದಿನಗಳಲ್ಲಿ ಮೊಳಕೆ ಕಾಣಿಸುತ್ತದೆ. ಅಲ್ಲಿಯವರೆಗೆ ಮಣ್ಣು ಒಣಗದಂತೆ ನೋಡಿಕೊಳ್ಳಬೇಕು. ಟೊಮೇಟೊ, ಬದನೆಯಂತೆ ಇದರ ಸಸಿಯನ್ನು ಕಿತ್ತು ಬೇರೆಡೆ ನೆಡಲು ಹೋಗಬೇಡಿರಿ. ತಾಯಿಬೇರಿಗೆ ಪೆಟ್ಟಾಗಿ ಸೊರಗುತ್ತದೆ. ಎಲ್ಲಿ ಬೆಳೆಯಬೇಕೋ ಅಲ್ಲಿಯೇ ಬಿತ್ತಬೇಕು.

ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಸವರಿರುವುದುಂಟು, ಹೆಚ್ಚಾಗಿ ಅದಕ್ಕೆ ಬಣ್ಣ ಹಾಕಿರುತ್ತಾರೆ. ಮಿಕ್ಕ ಬೀಜವನ್ನು ಅಡುಗೆಮನೆಯ ಡಬ್ಬದಲ್ಲಿ ಎಂದೂ ಇಡಬೇಡಿರಿ.

ಆರೈಕೆ: ದಿನಕ್ಕೆ 5-6 ತಾಸು ಬಿಸಿಲು ಬೇಕು. ಸಸಿಗಳು ಮೂರು ನಾಲ್ಕು ಅಂಗುಲ ಎತ್ತರವಾದಾಗ ಒತ್ತೊತ್ತಾಗಿರುವುದನ್ನು ಬುಡಸಹಿತ ಕಿತ್ತು ತೆಳುಗೊಳಿಸಿರಿ. ಕಿತ್ತ ಎಳೆಯ ಸಸಿಗಳೇ ನಿಮ್ಮ ಮೊದಲ ಫಸಲು. ಎಲೆಗಳಿಗೆ ಹೇನು ಬಿದ್ದರೆ ನೀರನ್ನು ರಭಸವಾಗಿ ಚಿಮ್ಮಿಸಿ ಉದುರಿಸಿರಿ. ಕೆಂಪು ಮೈಮೇಲೆ ಕಪ್ಪು ಚುಕ್ಕೆಯ ಗುಲಗಂಜಿ ಹುಳುಗಳು ಕಂಡರೆ ಕೊಲ್ಲಬೇಡಿರಿ, ಅವು ಹೇನನ್ನು ತಿನ್ನುವ ಮಿತ್ರರು. ತಿನ್ನುವ ಸೊಪ್ಪಿಗೆ ರಾಸಾಯನಿಕ ಸಿಂಪಡಿಸುವುದಾದರೆ ಮನೆಯಲ್ಲಿ ಬೆಳೆದೂ ಪ್ರಯೋಜನವಿಲ್ಲ.

ಕಳೆ: ಕಾಂಗ್ರೆಸ್ ಹುಲ್ಲು ಎಂದು ಕರೆಯುವ ಪಾರ್ಥೇನಿಯಂ ಎಲ್ಲೆಡೆ ಮೊಳೆಯುತ್ತದೆ. ಎಳೆಯದಿದ್ದಾಗ ಅದರ ಸೀಳು ಎಲೆಗಳು ಗಜ್ಜರಿ ಸೊಪ್ಪನ್ನು ಹೋಲುತ್ತವೆ. ಚರ್ಮದ ತುರಿಕೆ, ಉಬ್ಬಸ ತರುವ ಕಳೆ ಇದು. ಹೂ ಬಿಡುವ ಮೊದಲೇ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕೀಳಿರಿ. ಎಲೆಯನ್ನು ಉಜ್ಜಿ ಮೂಸಿದಾಗ ಸಬ್ಬಸಿಗೆಯ ಪರಿಮಳ ಬರದಿದ್ದರೆ, ಗುರುತು ಖಚಿತವಾಗದಿದ್ದರೆ, ಅದನ್ನು ಅಡುಗೆಗೆ ಹಾಕಲೇಬೇಡಿರಿ.

ಕುಂಡದ ತಟ್ಟೆಯ ನೀರು: ಇದು ಬಹಳ ಮುಖ್ಯ. ಡೆಂಗ್ಯೂ ಮತ್ತು ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ಸ್ವಚ್ಛ ನೀರಿನಲ್ಲಿಯೇ ಮೊಟ್ಟೆ ಇಡುತ್ತದೆ. ತಟ್ಟೆ ಇಡದಿರುವುದೇ ಲೇಸು. ಇಟ್ಟರೆ ವಾರಕ್ಕೆ ಎರಡು ಸಲವಾದರೂ ನೀರು ಚೆಲ್ಲಿ, ತಟ್ಟೆಯನ್ನು ಉಜ್ಜಿ ಒಣಗಿಸಿರಿ. ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡಿರುವುದರಿಂದ ಬರೀ ನೀರು ಚೆಲ್ಲಿದರೆ ಸಾಲದು.

ಕೊಯ್ಲು: ಬಿತ್ತಿದ 35ರಿಂದ 45 ದಿನಗಳಲ್ಲಿ ಸೊಪ್ಪು ಸಿದ್ಧ. ಹೊರಗಿನ ಎಲೆಗಳನ್ನು ಮೊದಲು ಚಿವುಟಿದರೆ ನಡುವಿನ ಕುಡಿ ಬೆಳೆಯುತ್ತಾ ಇರುತ್ತದೆ. ಹೂವಿನ ಕಡ್ಡಿ ಎದ್ದ ಮೇಲೆ ದಂಟು ನಾರಾಗುತ್ತದೆ. ಒಂದು ಕುಂಡ ಬಿತ್ತಿದ 15-20 ದಿನಕ್ಕೆ ಇನ್ನೊಂದನ್ನು ಬಿತ್ತಿದರೆ ಮನೆಯಲ್ಲಿ ಸೊಪ್ಪು ತಪ್ಪುವುದಿಲ್ಲ. ಎರಡು ಮೂರು ಗಿಡಗಳನ್ನು ಬೀಜಕ್ಕೆ ಬಿಡಿರಿ. ಹಳದಿ ಹೂವಿಗೆ ಜೇನುಹುಳುಗಳು ಬರುತ್ತವೆ. ಬೀಜ ಕಂದು ಬಣ್ಣಕ್ಕೆ ತಿರುಗಿದಾಗ ಗೊಂಚಲನ್ನು ಕತ್ತರಿಸಿ, ನೆರಳಿನಲ್ಲಿ ಒಣಗಿಸಿ, ಕೊಡವಿ ಡಬ್ಬದಲ್ಲಿಟ್ಟರೆ ಮುಂದಿನ ಸಲಕ್ಕೆ ಬೀಜ ಕೊಳ್ಳಬೇಕಿಲ್ಲ.

ತೊಳೆಯುವ ಕ್ರಮ

ಎಳೆ ಎಳೆಯಾದ ಎಲೆಗಳ ನಡುವೆ ಮಣ್ಣು ಸೇರಿಕೊಂಡಿರುತ್ತದೆ. ಬೇರು, ಹಳದಿ ಎಲೆ, ಬಲಿತ ದಂಟು ತೆಗೆದು ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಐದು ನಿಮಿಷ ಸೊಪ್ಪನ್ನು ಮುಳುಗಿಸಿಡಿ. ಆಮೇಲೆ ನೀರನ್ನು ಬಸಿಯಬೇಡಿ, ಸೊಪ್ಪನ್ನು ಕೈಯಿಂದ ಮೇಲೆತ್ತಿರಿ. ಬಸಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಅಂಟುತ್ತದೆ. ನೀರು ತಿಳಿಯಾಗುವವರೆಗೆ ಮೂರು ಸಲ ಹೀಗೆ ಮಾಡಿ, ಕೊನೆಗೆ ಹರಿಯುವ ಕುಡಿಯುವ ನೀರಿನಲ್ಲಿ ತೊಳೆಯಿರಿ. ತೊಳೆದ ಮೇಲೆ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ಸಿ ಜೀವಸತ್ವ ಮತ್ತು ಫೋಲೇಟ್ ನೀರಿನೊಂದಿಗೆ ಹೋಗುತ್ತವೆ.

ಅಡುಗೆಯಲ್ಲಿ ಸಬ್ಬಸಿಗೆ

ಅಕ್ಕಿ ರೊಟ್ಟಿ, ರಾಗಿ ರೊಟ್ಟಿಯ ಹಿಟ್ಟಿಗೆ, ಅವರೆಕಾಳಿನ ಸಾರಿಗೆ, ನುಚ್ಚಿನುಂಡೆಗೆ, ಬಸ್ಸಾರಿಗೆ ಸಬ್ಬಸಿಗೆ ಹಾಕುವುದು ನಿಮಗೆ ತಿಳಿದೇ ಇದೆ. ಜೋಳದ ರೊಟ್ಟಿಯ ಜೊತೆಗೆ ಹೆಸರುಬೇಳೆ ಬೆರೆಸಿದ ಪಲ್ಯ ಮಾಡುವ ರೂಢಿಯೂ ಇದೆ. ಇವುಗಳಲ್ಲಿ ಕಾಯಿಲೆಯವರಿಗೂ ಮನೆಯವರಿಗೂ ಒಟ್ಟಿಗೇ ಆಗುವಂತಹ ಒಂದು ಪಲ್ಯವನ್ನು ಇಲ್ಲಿ ಕೊಟ್ಟಿದ್ದೇವೆ.

ಸಬ್ಬಸಿಗೆ-ಹೆಸರುಬೇಳೆ ಪಲ್ಯ (4 ಜನರಿಗೆ)

ಬೇಕಾಗುವ ಸಾಮಾನು: ಹೆಚ್ಚಿದ ಸಬ್ಬಸಿಗೆ 3 ಬಟ್ಟಲು, ಹೆಸರುಬೇಳೆ ಅರ್ಧ ಬಟ್ಟಲು, ಬೆಳ್ಳುಳ್ಳಿ 6 ಎಸಳು, ಹಸಿಮೆಣಸಿನಕಾಯಿ 2, ಎಣ್ಣೆ 2 ಚಿಕ್ಕ ಚಮಚ, ಸಾಸಿವೆ, ಜೀರಿಗೆ, ಚಿಟಿಕೆ ಅರಿಶಿನ, ನಿಂಬೆಹಣ್ಣು ಅರ್ಧ ಹೋಳು, ಉಪ್ಪು ಅರ್ಧ ಚಿಕ್ಕ ಚಮಚ.

ಮಾಡುವ ವಿಧಾನ: ಹೆಸರುಬೇಳೆಯನ್ನು ತೊಳೆದು ಅರ್ಧ ತಾಸು ನೆನೆಸಿರಿ. ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಸೀಳಿದ ಮೆಣಸಿನಕಾಯಿ ಹಾಕಿರಿ. ಬೇಳೆ, ಅರಿಶಿನ ಮತ್ತು ಅರ್ಧ ಬಟ್ಟಲು ನೀರು ಹಾಕಿ ಮುಚ್ಚಿ ಬೇಯಿಸಿರಿ. ಬೇಳೆ ಮೆತ್ತಗಾದರೂ ಕಾಳಿನ ಆಕಾರ ಉಳಿದಿರುವಾಗ ಸೊಪ್ಪು ಹಾಕಿ ನಾಲ್ಕೈದು ನಿಮಿಷ ಬಾಡಿಸಿರಿ. ಒಲೆ ಆರಿಸಿದ ಮೇಲೆ ಉಪ್ಪು ಬೆರೆಸಿ ನಿಂಬೆರಸ ಹಿಂಡಿರಿ.

ಹಲ್ಲಿಲ್ಲದ ವೃದ್ಧರಿಗೆ ಇದೇ ಸಾಮಾನಿಗೆ ಅಕ್ಕಿ ಸೇರಿಸಿ, ಮೆಣಸಿನಕಾಯಿ ಬಿಟ್ಟು, ಮೆತ್ತನೆಯ ಹುಗ್ಗಿ ಮಾಡಿಕೊಡಬಹುದು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಮಾತ್ರ ಗಟ್ಟಿ ಊಟ ಯಾವಾಗ ಎಂದು ವೈದ್ಯರು ಹೇಳಿದ ಮೇಲೆಯೇ ಸೊಪ್ಪು ಕೊಡಬೇಕು. ವಾರ್ಡಿಗೆ ಮನೆಯಿಂದ ಊಟ ತರುವವರು ಮೊದಲು ಸಿಸ್ಟರ್ ಅವರನ್ನು ಕೇಳಿರಿ.

ಉಪ್ಪು ಕಡಿಮೆ ಮಾಡಲು ಸೊಪ್ಪಿನ ನೆರವು

ರಕ್ತದೊತ್ತಡ ಇರುವವರಿಗೆ ಉಪ್ಪು ಕಡಿಮೆ ಮಾಡಲು ಹೇಳಿದಾಗ ಮೊದಲ ವಾರ ಊಟ ಸಪ್ಪೆ ಅನ್ನಿಸುತ್ತದೆ. ಹಲವರು ಅಲ್ಲಿಗೇ ಕೈಬಿಡುತ್ತಾರೆ. ಘಮ್ಮೆನ್ನುವ ಸೊಪ್ಪು ಸಹಾಯಕ್ಕೆ ಬರುವುದು ಇಲ್ಲಿಯೇ. ಸಬ್ಬಸಿಗೆ, ಬೆಳ್ಳುಳ್ಳಿ, ಜೀರಿಗೆ, ನಿಂಬೆಹುಳಿ ಇವು ಸೇರಿದರೆ ಅರ್ಧ ಉಪ್ಪಿನಲ್ಲಿಯೂ ಪಲ್ಯ ರುಚಿಸುತ್ತದೆ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅಂದರೆ ತಲೆ ಸವರಿದ ಒಂದು ಚಿಕ್ಕ ಚಮಚದೊಳಗೆ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಬೇಕರಿ ತಿಂಡಿ ಎಲ್ಲ ಸೇರಿ. ನಿಮ್ಮ ಮನೆಯ ಲೆಕ್ಕ ನೀವೇ ಮಾಡಬಹುದು. ನಾಲ್ವರು ದೊಡ್ಡವರಿರುವ ಮನೆಯಲ್ಲಿ 1 ಕಿಲೋ ಉಪ್ಪಿನ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ಒಡೆದ ದಿನವನ್ನು ಪ್ಯಾಕೆಟ್ ಮೇಲೆಯೇ ಬರೆದಿಡಿರಿ. 25 ದಿನಕ್ಕೆ ಖಾಲಿಯಾದರೆ ಎಲ್ಲರೂ ಎರಡರಷ್ಟು ಉಪ್ಪು ತಿನ್ನುತ್ತಿದ್ದೀರಿ ಎಂದರ್ಥ.

ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವ ಉಪ್ಪುಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ರಕ್ತಹೀನತೆ ಇರುವವರಿಗೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಸೊಪ್ಪು ತಿನ್ನಿ ಎಂದು ಎಲ್ಲರೂ ಹೇಳುವುದು ಇದಕ್ಕಾಗಿಯೇ. ಸಬ್ಬಸಿಗೆಯಲ್ಲಿ ಕಬ್ಬಿಣ, ಫೋಲೇಟ್, ಸಿ ಜೀವಸತ್ವಗಳಿವೆ. ಆದರೆ ಸೊಪ್ಪಿನಲ್ಲಿರುವ ಕಬ್ಬಿಣದ ಸ್ವಲ್ಪ ಭಾಗವನ್ನು ಮಾತ್ರ ನಮ್ಮ ದೇಹ ಹೀರಿಕೊಳ್ಳುತ್ತದೆ. ನಿಂಬೆರಸ ಹಿಂಡಿದರೆ ಹೀರುವಿಕೆ ಹೆಚ್ಚುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಕುಗ್ಗುತ್ತದೆ. ಆದ್ದರಿಂದ ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ತಾಸು ಅಂತರವಿರಲಿ.

ರಕ್ತ ಒಮ್ಮೆ ಕಡಿಮೆಯಾದ ಮೇಲೆ ಅದನ್ನು ಸೊಪ್ಪೊಂದರಿಂದಲೇ ತುಂಬಿಸಲಾಗದು. ಕಬ್ಬಿಣದ ಮಾತ್ರೆ ಬೇಕೇ ಬೇಕು. ಸರ್ಕಾರದ ಕಾರ್ಯಕ್ರಮದಂತೆ ಗರ್ಭಿಣಿಯರಿಗೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡಲಾಗುತ್ತದೆ. ಮಲ ಕಪ್ಪಾಗುವುದಕ್ಕೆ ಹೆದರಿ ನಿಲ್ಲಿಸಬೇಡಿರಿ, ಅದು ಸಹಜ. ಹೊಟ್ಟೆ ತೊಳಸಿದರೆ ಅಥವಾ ಮಲಬದ್ಧತೆಯಾದರೆ ತಿಳಿಸಿರಿ, ಬೇರೆ ವ್ಯವಸ್ಥೆ ಇದೆ. ಕಬ್ಬಿಣದ ಮಾತ್ರೆಯನ್ನು ಹಾಲು ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬಾರದು.

ಬಾಣಂತಿಯರು ಮತ್ತು ಸಬ್ಬಸಿಗೆ

ಬಾಣಂತಿಗೆ ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಕೊಡುವುದು ನಮ್ಮ ಹಿರಿಯರ ಪದ್ಧತಿ. ಸ್ತ್ರೀಯರು ಮತ್ತು ಮಕ್ಕಳ ಆರೋಗ್ಯದ ಬಗ್ಗೆ ಹೇಳುವ ಆಯುರ್ವೇದದ ಕಾಶ್ಯಪ ಸಂಹಿತೆಯಲ್ಲಿ ಶತಪುಷ್ಪಾ ಮತ್ತು ಶತಾವರಿಯ ಬಗ್ಗೆಯೇ ಒಂದು ಅಧ್ಯಾಯವಿದೆ. ಪದ್ಧತಿಯನ್ನು ಸಂತೋಷದಿಂದ ಮುಂದುವರಿಸಿರಿ. ಬೇಳೆಯೊಂದಿಗೆ ಬೇಯಿಸಿದ ಸೊಪ್ಪು ಬಾಣಂತಿಗೆ ಉತ್ತಮ ಆಹಾರ, ಅದರ ನಾರು ಮಲಬದ್ಧತೆಯನ್ನೂ ತಡೆಯುತ್ತದೆ.

ಆದರೆ ಸಬ್ಬಸಿಗೆ ತಿಂದರೆ ಹಾಲು ತಾನಾಗಿ ಹೆಚ್ಚುತ್ತದೆ ಎಂಬುದಕ್ಕೆ ದೃಢವಾದ ವೈಜ್ಞಾನಿಕ ಆಧಾರ ಇಲ್ಲ. ಹಾಲು ಹೆಚ್ಚಾಗುವುದು ಮಗು ಪದೇ ಪದೇ ಚೀಪುವುದರಿಂದ. ಮಗು ಚೀಪಿದಷ್ಟೂ, ಎದೆ ಖಾಲಿಯಾದಷ್ಟೂ, ಹಾಲು ಊರುತ್ತದೆ. ಹಗಲು ರಾತ್ರಿ ಸೇರಿ ದಿನಕ್ಕೆ 8ರಿಂದ 12 ಸಲ ಹಾಲುಣಿಸಬೇಕು. ಹಾಲು ಸಾಲದು ಎನಿಸಿದರೆ ಸೊಪ್ಪು ಹೆಚ್ಚಿಸಿ ಕಾಯುತ್ತಾ ಕೂಡದೆ, ಮಗು ಎದೆ ಹಿಡಿಯುವ ರೀತಿ ಸರಿಯಿದೆಯೇ ಎಂದು ನಮ್ಮ ಸಿಸ್ಟರ್‌ಗಳಿಗೆ ತೋರಿಸಿರಿ.

ಮನೆಯ ಹಿರಿಯ ತಾಯಂದಿರಲ್ಲಿ ಒಂದು ವಿನಂತಿ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಅನ್ನ-ತಿಳಿಸಾರು ಬಿಟ್ಟು ಬೇರೇನೂ ಕೊಡದಿರುವುದು ಬೇಡ. ಅವಳಿಗೆ ಬಾಯಾರಿದಷ್ಟು ನೀರು, ಸೊಪ್ಪು, ಬೇಳೆ, ಹಣ್ಣು, ಹಾಲು ಎಲ್ಲವೂ ಬೇಕು. ಅವಳು ಇಬ್ಬರಿಗಾಗಿ ಉಣ್ಣುತ್ತಿದ್ದಾಳೆ.

ಹಸುಗೂಸಿಗೆ ಸಬ್ಬಸಿಗೆ ನೀರು ಬೇಡ

ಮಗು ಅತ್ತಾಗ ಸಬ್ಬಸಿಗೆ ಬೀಜದ ಕಷಾಯ ಅಥವಾ ಗ್ರೈಪ್ ವಾಟರ್ ಕೊಡುವ ರೂಢಿ ಅನೇಕ ಮನೆಗಳಲ್ಲಿದೆ. ಗ್ರೈಪ್ ವಾಟರ್ ಅನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬವರು ಸಿದ್ಧಪಡಿಸಿದರು. ಅದರಲ್ಲಿ ಸಬ್ಬಸಿಗೆ ಬೀಜದ ಎಣ್ಣೆ, ಸೋಡಾ, ಸಕ್ಕರೆ, ಅಷ್ಟೇ ಅಲ್ಲದೆ ಮದ್ಯಸಾರವೂ ಇತ್ತು. ಇಂದಿನ ಗ್ರೈಪ್ ವಾಟರ್‌ಗಳಲ್ಲಿ ಮದ್ಯಸಾರ ಬಳಸುವುದಿಲ್ಲ. ಹಾಗಿದ್ದರೂ ಹಸುಗೂಸಿಗೆ ಅದರ ಅವಶ್ಯಕತೆ ಇಲ್ಲ.

ಹುಟ್ಟಿದ ಮೊದಲ 6 ತಿಂಗಳು ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು. ನೀರು, ಸಕ್ಕರೆ ನೀರು, ಜೇನುತುಪ್ಪ, ಕಷಾಯ, ಗ್ರೈಪ್ ವಾಟರ್ ಯಾವುದೂ ಬೇಡ. ವೈದ್ಯರು ಬರೆದುಕೊಟ್ಟ ಔಷಧ, ಹನಿಗಳನ್ನು ಮಾತ್ರ ಕೊಡಿರಿ. ಚಮಚ, ನೀರು, ಬಟ್ಟಲಿನ ಮೂಲಕ ಹೋಗುವ ರೋಗಾಣುಗಳಿಂದ ಭೇದಿಯಾಗಬಹುದು. ಸಣ್ಣ ಹೊಟ್ಟೆ ನೀರಿನಿಂದ ತುಂಬಿದರೆ ಮಗು ಹಾಲು ಕಡಿಮೆ ಕುಡಿಯುತ್ತದೆ. ಜೇನುತುಪ್ಪವನ್ನಂತೂ 1 ವರ್ಷ ತುಂಬುವವರೆಗೆ ನೆಕ್ಕಿಸಬಾರದು.

ಆರೋಗ್ಯವಂತ ಶಿಶುಗಳೂ ಸಂಜೆಯ ಹೊತ್ತು ಕಾರಣವಿಲ್ಲದೆ ಅಳುವುದುಂಟು. ಈ ಅಳು ಸುಮಾರು 6 ವಾರದ ಹೊತ್ತಿಗೆ ಹೆಚ್ಚಿ, 3-4 ತಿಂಗಳಿಗೆ ತಾನೇ ಕಡಿಮೆಯಾಗುತ್ತದೆ. ಹಾಲುಣಿಸಿದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗು ಬರಿಸಿರಿ, ಎದೆಗವಚಿಕೊಂಡು ಓಡಾಡಿರಿ. ಆದರೆ ಈ ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ಮನೆಮದ್ದು ಮಾಡುತ್ತಾ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ:

- ಹಾಲು ಕುಡಿಯದಿರುವುದು, ಮಂಕಾಗಿ ಮಲಗಿರುವುದು
- ಮೈ ಸುಡುವುದು ಅಥವಾ ತಣ್ಣಗಾಗುವುದು
- ಹಸಿರು ಬಣ್ಣದ ವಾಂತಿ
- ಮಲದಲ್ಲಿ ರಕ್ತ
- ಹೊಟ್ಟೆ ಬಿಗಿಯಾಗಿ ಉಬ್ಬಿರುವುದು
- ಉಸಿರಾಟ ವೇಗವಾಗಿರುವುದು, ಎದೆ ಒಳಸೇದುವುದು

ಇವರು ಎಚ್ಚರ ವಹಿಸಬೇಕು

ಮೂತ್ರಪಿಂಡದ ಕಾಯಿಲೆ, ಡಯಾಲಿಸಿಸ್‌ನಲ್ಲಿರುವವರು: ಸೊಪ್ಪುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಏರಿ ಹೃದಯದ ಬಡಿತವೇ ತಪ್ಪಬಹುದು. ಎಷ್ಟು ತಿನ್ನಬಹುದು ಎಂಬುದನ್ನು ನಿಮ್ಮ ರಕ್ತಪರೀಕ್ಷೆ ನೋಡಿ ವೈದ್ಯರೇ ಹೇಳಬೇಕು. ಅನುಮತಿ ಇದ್ದರೆ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ಆ ನೀರನ್ನು ಪೂರ್ತಿ ಚೆಲ್ಲಿ ಬಳಸಿರಿ. ಬಸ್ಸಾರನ್ನು ಮಾಡುವುದೇ ಸೊಪ್ಪು-ಕಾಳು ಬೇಯಿಸಿ ಬಸಿದ ಆ ನೀರಿನಿಂದ. ಪೊಟ್ಯಾಸಿಯಂ ಇಳಿದಿರುವುದು ಅದರಲ್ಲಿಯೇ. ಮನೆಯ ಉಳಿದವರಿಗೆ ಬಸ್ಸಾರು ಪುಷ್ಟಿಕರ, ನಿಮಗೆ ಮಾತ್ರ ಅದು ಬೇಡ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು: ಹೃದಯದ ಕವಾಟ ಬದಲಿಸಿದವರಿಗೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಮಾತ್ರೆ ಕೊಡಲಾಗುತ್ತದೆ. ಹಸಿರು ಸೊಪ್ಪುಗಳಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಪರಿಣಾಮವನ್ನು ಕಡಿಮೆ ಮಾಡುತ್ತದೆ. ಸೊಪ್ಪನ್ನು ಪೂರ್ತಿ ಬಿಡಬೇಕಿಲ್ಲ. ಒಂದು ವಾರ ದಿನವೂ ತಿಂದು, ಮುಂದಿನ ವಾರ ಮುಟ್ಟದಿರುವುದೇ ಅಪಾಯ. ವಾರಕ್ಕೆ ಎಷ್ಟು ತಿನ್ನುತ್ತಿದ್ದೀರೋ ಅಷ್ಟನ್ನೇ ಕಾಯ್ದುಕೊಂಡು, ಹೇಳಿದ ದಿನ ತಪ್ಪದೆ ಐಎನ್‌ಆರ್ ಪರೀಕ್ಷೆ ಮಾಡಿಸಿರಿ. ಮನೆಯಲ್ಲಿ ಸೊಪ್ಪು ಬೆಳೆಯಲು ಶುರುಮಾಡಿ ಬಳಕೆ ಹೆಚ್ಚಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿರಿ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು: ಬಿಳಿ ರಕ್ತಕಣಗಳು ಕಡಿಮೆಯಾಗಿರುವಾಗ ಹಸಿ ಸೊಪ್ಪು ಬೇಡ, ಬೇಯಿಸಿದ್ದನ್ನೇ ಬಿಸಿಯಾಗಿ ಕೊಡಿರಿ. ಮಣ್ಣಿನ ಕುಂಡಗಳನ್ನು ಅವರು ಮಲಗುವ ಕೋಣೆಯಲ್ಲಿ ಇಡಬೇಡಿರಿ. ಮಣ್ಣಿನ ಶಿಲೀಂಧ್ರಗಳಿಂದ ಸೋಂಕು ತಗಲಬಹುದು.

ಗರ್ಭಿಣಿಯರು: ಅಡುಗೆಯಲ್ಲಿ ಬಳಸುವಷ್ಟು ಸೊಪ್ಪು ತಿನ್ನಲು ಅಡ್ಡಿಯಿಲ್ಲ. ಬೀಜದ ಗಟ್ಟಿ ಕಷಾಯ, ಬೀಜದ ಎಣ್ಣೆ ಬೇಡ.

ಸಕ್ಕರೆ ಕಾಯಿಲೆ ಇರುವವರು: ಸೊಪ್ಪು ಧಾರಾಳವಾಗಿ ತಿನ್ನಬಹುದು. ಆದರೆ ಸಬ್ಬಸಿಗೆ ಹಾಕಿದ ಅಕ್ಕಿ ರೊಟ್ಟಿಯೂ ಅಕ್ಕಿ ರೊಟ್ಟಿಯೇ. ರೊಟ್ಟಿಯ ಎಣಿಕೆ ಇಟ್ಟುಕೊಳ್ಳಿರಿ. ಸೊಪ್ಪು ತಿಂದೆನೆಂದು ಮಾತ್ರೆ ಅಥವಾ ಇನ್ಸುಲಿನ್ ಬಿಡಬಾರದು.

ಅಲರ್ಜಿ ಇರುವವರು: ಕೊತ್ತಂಬರಿ, ಗಜ್ಜರಿ ತಿಂದರೆ ಬಾಯಿ ತುರಿಸುವುದು, ತುಟಿ ಊದಿಕೊಳ್ಳುವುದು ಆಗುತ್ತಿದ್ದರೆ ಸಬ್ಬಸಿಗೆಯಿಂದಲೂ ಹಾಗೆ ಆಗಬಹುದು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಬನ್ನಿರಿ.

ಕೊನೆಯ ಮಾತು

ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿರಿ. ಮೊದಲನೆಯದು, ಔಷಧಿ ಚೀಟಿಯನ್ನು ಕಣ್ಣಿಗೆ ಕಾಣುವ ಕಡೆ ಇಟ್ಟು, ಬರೆದಷ್ಟು ದಿನ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳಿರಿ. ಎರಡನೆಯದು, ಒಂದು ಹಳೆಯ ಬಕೆಟ್ಟಿಗೆ ಮಣ್ಣು ತುಂಬಿ ಸಬ್ಬಸಿಗೆ ಬೀಜ ಚೆಲ್ಲಿರಿ. ತಿಂಗಳೊಪ್ಪತ್ತಿನ ನಂತರ ತಪಾಸಣೆಗೆ ಬರುವ ಹೊತ್ತಿಗೆ ಮೊದಲ ಪಲ್ಯ ನಿಮ್ಮ ತಟ್ಟೆಗೆ ಬಂದಿರುತ್ತದೆ. ಬರುವಾಗ ಊಟದ ಬಗ್ಗೆ ನಿಮಗಿರುವ ಅನುಮಾನಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿರಿ. ಸಂಕೋಚವಿಲ್ಲದೆ ಕೇಳಿರಿ.

ಬೇಗ ಗುಣಮುಖರಾಗಿ, ಮನೆಮಂದಿಯೊಂದಿಗೆ ಕುಳಿತು ಹಿತಮಿತವಾಗಿ ಉಣ್ಣುವಂತಾಗಲಿ ಎಂದು ಹಾರೈಸುತ್ತೇವೆ.